ಮೈದುನನ ಎಂಟು ಬೆರಳಿನ ಹಿಡಿ

ನನ್ನ ಮೈದುನನಿಗೆ ಯಾರ ಹೆಸರೂ ನೆನಪಿರುವುದಿಲ್ಲ, ಮುಖವೂ ನೆನಪಿರುವುದಿಲ್ಲ. ಸುತ್ತಳತೆ ಮಾತ್ರ ನೆನಪಿರುತ್ತದೆ! ನಾನು ಮದುವೆಯಾಗಿ ದಾವಣಗೆರೆಗೆ ಬಂದ ಹೊಸದರಲ್ಲಿ ನನ್ನ ಅಪ್ಪ ಮಗಳನ್ನು ನೋಡಲು ಬಂದರು. ಬಾಗಿಲು ತೆರೆದ ಈ ಮಹಾಶಯ ಅವರನ್ನು ಮೇಲಿಂದ ಕೆಳಗೆ ನೋಡಿ ಒಳಗೆ ಕೂಗಿದ: "ಅತ್ತಿಗೆ, ಯಾರೋ ಬಂದಾರೆ. ತಲಿ ಸುತ್ತಳತಿ ಇಪ್ಪತ್ತೆರಡಿಂಚು, ಕುತ್ತಿಗಿ ಗಿಡ್ಡ!" ಅಪ್ಪ ಪಾಪ, ಹೊಸ್ತಿಲಲ್ಲೇ ನಿಂತು ತಮ್ಮ ಕುತ್ತಿಗೆ ಮುಟ್ಟಿ ನೋಡಿಕೊಂಡರು.

ತಪ್ಪು ಅವನದಲ್ಲ, ಕಸುಬಿನದು. ನಮ್ಮೂರಿನಲ್ಲಿ ಆಗ ಹೊಸದಾಗಿ ಕಾಲೇಜುಗಳು ಶುರುವಾಗಿದ್ದ ಕಾಲ. ಅವುಗಳ ಪ್ರಯೋಗಶಾಲೆಗೆ ಬೇಕಾದ ಗಾಜಿನ ಕೊಳವೆ, ಬುರುಡೆಗಳನ್ನು ಇವನು ಹಿತ್ತಲಿನ ತಗಡಿನ ಶೆಡ್ಡಿನಲ್ಲಿ ಕೂತು ಮಾಡುತ್ತಿದ್ದ. ಕಾಲಲ್ಲಿ ತಿದಿ ಒತ್ತುವುದು, ದೀಪದ ಉರಿಯಲ್ಲಿ ಗಾಜನ್ನು ಕಾಯಿಸುವುದು, ತಿರುಗಿಸುವುದು, ಊದುವುದು. ಸಣ್ಣ ಕೊಳವೆಯಾದರೆ ಬೆರಳಲ್ಲೇ ಹಿಡಿಯಬಹುದು. ಕುಂಬಳಕಾಯಿ ಗಾತ್ರದ ಬುರುಡೆಯಾದರೆ? ಕೈಯಲ್ಲಿ ಹಿಡಿದರೆ ಕೈ ಸುಡುತ್ತದೆ, ಇಕ್ಕಳದಲ್ಲಿ ಹಿಡಿದರೆ ಗಾಜು ಸೀಳುತ್ತದೆ. ಅದಕ್ಕೆಂದೇ ಒಂದು ಹಿಡಿ ಬೇಕು. ಒಂದು ಕಬ್ಬಿಣದ ಸರಳು, ಅದರ ತುದಿಗೆ ಹೂವಿನ ಎಸಳಿನಂತೆ ಬಿಚ್ಚಿಕೊಂಡ ಉಕ್ಕಿನ ಬೆರಳುಗಳು, ಬೆರಳಿಗೆ ಸುತ್ತಿದ, ಉರಿಗೆ ಸುಡದ ಕಲ್ನಾರಿನ ದಾರ. ಸರಳಿನ ಮೇಲಿನ ಬಳೆಯನ್ನು ಮುಂದಕ್ಕೆ ತಳ್ಳಿದರೆ ಬೆರಳುಗಳು ಮುಚ್ಚಿ ಬುರುಡೆಯನ್ನು ಅಪ್ಪಿಕೊಳ್ಳುತ್ತವೆ.

"ಬಿಗಿ ಹಿಡಿದ್ರೆ ಒಡಿತೈತೆ, ಸಡ್ಲ ಹಿಡಿದ್ರೆ ಬೀಳ್ತೈತೆ. ಎರಡರ ನಡುವೆ ಒಂದು ಕೂದಲಿನಷ್ಟು ಜಾಗ ಐತೆ ಅತ್ತಿಗೆ, ನಾ ಅದನ್ನ ಹುಡುಕ್ತಿದೀನಿ" ಎನ್ನುತ್ತಿದ್ದ.

ಹುಡುಕಲಿ ಬಿಡಿ, ಯಾರು ಬೇಡ ಅಂದರು? ಆದರೆ ಆ ಉಕ್ಕಿನ ಬೆರಳುಗಳು ಎಲ್ಲಿಂದ ಬರಬೇಕು? ಪೇಟೆಯಲ್ಲಿ ಇಂಥ ಹಿಡಿ ಸಿಗುವುದಿಲ್ಲ. ಒಂದು ಆಷಾಢದಲ್ಲಿ ನನ್ನ ಮಾವನವರು ಮಂಡಿಪೇಟೆಯ ನಟ್ಟನಡುವೆ, ಮಳೆ ಶುರುವಾಯಿತೆಂದು ಗತ್ತಿನಿಂದ ಕೊಡೆ ಬಿಚ್ಚಿದರು. ಕರಿ ಬಟ್ಟೆ ಜೊಳ್ಳನೆ ಅವರ ತಲೆಯ ಮೇಲೆ ಬಿದ್ದು ಮುಖ ಪೂರ್ತಿ ಮುಚ್ಚಿತು. ಒಳಗೆ ಒಂದು ಕಡ್ಡಿಯೂ ಇಲ್ಲ! ಅಂಗಡಿಯವರೆಲ್ಲ ಎದ್ದು ನಿಂತು ನೋಡಿದರಂತೆ. ಮನೆಗೆ ಬಂದವರೇ "ಎಲ್ಲಿ ಅವನು?" ಎಂದು ಶೆಡ್ಡಿಗೆ ನುಗ್ಗಿದರೆ, ಇವನು ಎಂಟು ಬೆರಳಿನ ಹೊಸ ಹಿಡಿಯನ್ನು ಮುಖದ ಮುಂದೆ ಚಾಚಿ, "ಅಪ್ಪಾ, ನಿನ್ನ ಕೊಡಿ ಉಕ್ಕು ಭಾಳ ಚಲೋ ಐತೆ" ಎಂದು ಮನಸಾರೆ ಹೊಗಳಿದ. ಹೊಗಳಿದವನನ್ನು ಹೊಡೆಯುವುದು ಹೇಗೆ ಹೇಳಿ!

ಕೊಡೆ ಮುಗಿದ ಮೇಲೆ ನನ್ನ ಅಡುಗೆಮನೆ. ಗಾಜು ತುಟ್ಟಿ, ಆದ್ದರಿಂದ ಅಭ್ಯಾಸವೆಲ್ಲ ಸಿಹಿಗುಂಬಳದ ಮೇಲೆ. ಹಿಡಿಯಲ್ಲಿ ಕುಂಬಳಕಾಯಿ ಸಿಕ್ಕಿಸಿ, ಆರಿದ ಒಲೆಯ ಮುಂದೆ ಕೂತು ಗಂಟೆಗಟ್ಟಲೆ ತಿರುಗಿಸುವುದು. ಬಿದ್ದದ್ದನ್ನೆಲ್ಲ ಪಲ್ಯ ಮಾಡಬೇಕಾದವಳು ನಾನು. ಆ ತಿಂಗಳು ನಮ್ಮ ಮನೆಯಲ್ಲಿ ಬೆಳಗ್ಗೆ ಕುಂಬಳಕಾಯಿ, ರಾತ್ರಿ ಕುಂಬಳಕಾಯಿ. "ಇವತ್ತು ಬೀಳ್ಲಿಲ್ಲ ಅತ್ತಿಗೆ!" ಎಂದು ಅವನು ಕುಣಿದಾಡಿದ ದಿನ ಮನೆಮಂದಿಯೆಲ್ಲ ದೇವರಿಗೆ ಕೈ ಮುಗಿದೆವು.

ಇಷ್ಟಾದರೂ ನಗುತ್ತಲೇ ಇರಬಹುದಿತ್ತು, ಅವನ ಮದುವೆಯ ಪ್ರಶ್ನೆ ಇಲ್ಲದಿದ್ದರೆ. ವಯಸ್ಸು ಮೂವತ್ತೆರಡು ದಾಟಿತ್ತು. ಶಾಮನೂರಿನ ಹೆಣ್ಣಿನ ಮನೆಯಲ್ಲಿ ಕಾಫಿ ಲೋಟ ಕೈಗೆ ಬಂದದ್ದೇ ತಡ, ತಿರುಗಿಸತೊಡಗಿದ. ಕಾದ ಗಾಜನ್ನು ತಿರುಗಿಸುವುದು ನಿಲ್ಲಿಸಿದರೆ ಅದು ಜೋತು ಬೀಳುತ್ತದಲ್ಲ, ಆ ಚಾಳಿ. ಲೋಟ ಯಾಕೆ ಜೋತು ಬೀಳುತ್ತದೆ? ಹುಡುಗಿಯ ಸೋದರಮಾವ ಮೆಲ್ಲಗೆ ಕೇಳಿದ: "ಹುಡುಗಗ ನರದ ಬ್ಯಾನಿ ಐತೇನ್ರಿ?" ಸಂಬಂಧ ಅಲ್ಲಿಗೆ ಮುರಿಯಿತು. ಇನ್ನೊಂದು ಮನೆಯಲ್ಲಿ ಹೆಣ್ಣಿನ ತಂದೆಯ ಬೋಳುತಲೆಯನ್ನು ಭಕ್ತಿಯಿಂದ ದಿಟ್ಟಿಸಿ, "ನಿಮಗೆ ಆರು ಬೆರಳಿಂದು ಬೇಕಾಗ್ತೈತ್ರಿ" ಎಂದ. ಉಪ್ಪಿಟ್ಟು ಬರುವ ಮೊದಲೇ ನಾವು ಬೀದಿಯಲ್ಲಿದ್ದೆವು.

ಅತ್ತೆಯವರು ಇದು ಗಾಳಿಯ ಕಾಟವೇ ಎಂದು ತೀರ್ಮಾನಿಸಿ ದೆವ್ವ ಬಿಡಿಸುವ ಉಕ್ಕಡಗಾತ್ರಿಗೆ ಕರೆದುಕೊಂಡು ಹೋಗಿ ಅಜ್ಜಯ್ಯನ ಗದ್ದುಗೆಯ ಮುಂದೆ ಕೂರಿಸಿದರು. ಇವನು ಕೈಗೆ ಕೊಟ್ಟ ತೆಂಗಿನಕಾಯಿಯನ್ನು ಸಂಜೆಯವರೆಗೆ ತಿರುಗಿಸುತ್ತ ಕೂತ. ನಿಜವಾಗಿ ದೆವ್ವವೇನಾದರೂ ಇದ್ದಿದ್ದರೆ ಅದೇ ತಲೆ ತಿರುಗಿ ಬಿಟ್ಟು ಹೋಗುತ್ತಿತ್ತು!

ಕೊನೆಗೆ ಹರಿಹರದಿಂದ ಒಂದು ಸಂಬಂಧ ಬಂತು. ಹೆಣ್ಣಿನ ತಂದೆಗೆ ಹೊಳೆಯ ಕಡೆ ಮಂಡಕ್ಕಿ ಭಟ್ಟಿ ಇತ್ತು. "ಇದೂ ತಪ್ಪಿತು ಅಂದ್ರೆ ನಾ ಸೊಸಿ ಮುಖ ನೋಡ್ದೇ ಸಾಯ್ತೀನವ್ವ" ಎಂದು ಅತ್ತೆ ನನ್ನ ಹತ್ತಿರವೇ ಅತ್ತರು. ನಾನು ಸೊಸೆಯಲ್ಲವೇ? ಇರಲಿ, ಅಳುವವರ ಹತ್ತಿರ ಲೆಕ್ಕ ಕೇಳಬಾರದು. ಹೊರಡುವ ಮುಂಚೆ ಅವನ ಚೀಲ ತಡಕಿ ಎರಡು ಹಿಡಿ ತೆಗೆದಿಟ್ಟೆ. "ಕೈ ತೊಡಿ ಮ್ಯಾಲೆ ಇರ್ಬೇಕು. ಬಾಯಿ ಮುಚ್ಚಿರ್ಬೇಕು. ನಿನ್ನ ಕಾಲಿಗೆ ಬೀಳ್ತೀನಪ್ಪ" ಎಂದೆ. "ಆತು ಅತ್ತಿಗೆ" ಎಂದ, ಹಸುವಿನಂತೆ.

ಹರಿಹರದಲ್ಲಿ ಎಲ್ಲ ಸುಸೂತ್ರ. ಕೈ ತೊಡೆಯ ಮೇಲಿತ್ತು, ಬಾಯಿ ಮುಚ್ಚಿತ್ತು. ಹುಡುಗಿ ಸೆರಗು ಹೊದ್ದು ಎಡಗೈಯಲ್ಲಿ ಮಂಡಕ್ಕಿ ಒಗ್ಗರಣೆಯ ತಟ್ಟೆ ತಂದಳು. ಬಲಗೈ ಸೆರಗಿನೊಳಗೇ ಇತ್ತು. ನಾಚಿಕೆ ಎಂದುಕೊಂಡೆ. ಇವನು ಮಾತ್ರ ಆ ತಟ್ಟೆಯನ್ನೇ ನೋಡುತ್ತಿದ್ದಾನೆ. ನಾನು ತೊಡೆ ಚಿವುಟಿದೆ. ಪ್ರಯೋಜನವಾಗಲಿಲ್ಲ.

"ಬಲಗೈಯಾಗ ಯಾಕ ಹಿಡಿದಿಲ್ರಿ? ತೋರಿಸ್ರಿ ಕೈ" ಎಂದ.

ಹೆಣ್ಣಿನ ತಂದೆಯ ಮುಖ ಬಿಳಿಚಿಕೊಂಡಿತು. "ಅದು, ಸಣ್ಣಾಕಿ ಇದ್ದಾಗ ಭಟ್ಟಿ ಕಾದ ಉಸುಕಿನಾಗ ಕೈ ಇಟ್ಟುಬಿಟ್ಟಳ್ರಿ. ಹೇಳ್ಬೇಕು ಅಂತನೇ ಇದ್ದೆ..." ಎಂದು ತಡವರಿಸಿದರು. ಹುಡುಗಿ ತಟ್ಟೆ ಕೆಳಗಿಟ್ಟು ಸೆರಗಿನಿಂದ ಕೈ ಹೊರಗೆ ತೆಗೆದಳು. ಹೆಬ್ಬೆರಳು, ತೋರುಬೆರಳು ಅಷ್ಟಿಷ್ಟು ಆಡುತ್ತಿದ್ದವು. ಉಳಿದ ಮೂರು ಅಂಗೈಗೆ ಅಂಟಿಕೊಂಡಿದ್ದವು.

"ನೋಡ್ರಿ. ಹಿಂದಿನೋರೂ ನೋಡೇ ಎದ್ದು ಹೋದ್ರು" ಎಂದಳು. ದನಿ ನಡುಗಲಿಲ್ಲ, ಗಲ್ಲ ಮಾತ್ರ ಕೆಂಪಾಗಿತ್ತು.

ಅತ್ತೆ ನನ್ನ ಮುಖ ನೋಡಿದರು, ನಾನು ನೆಲ ನೋಡಿದೆ. ಆ ಪುಣ್ಯಾತ್ಮ ಮಾತ್ರ ಎದ್ದು ಹೋಗಿ ಅವಳೆದುರು ನೆಲದ ಮೇಲೆ ಕೂತು, ಜೇಬಿನಿಂದ ಅಳತೆಯ ದಾರ ತೆಗೆದ.

"ಏನೇನು ಹಿಡಿಯಾಕೆ ಆಗಲ್ಲ, ಹೇಳ್ರಿ."

"ಯಾಕ್ರಿ? ಕೇಳಿ ನಗಾಕೆ?"

"ಹಿಡಿ ಮಾಡಾಕ್ರಿ. ನನ್ನ ಕಸುಬೇ ಅದು."

ಅವಳು ಆ ಕೈಯನ್ನು ಅವನ ಮುಂದೆ ಚಾಚಿದಳು. ಲಟ್ಟಣಿಗೆ ಎಂದಳು, ಬಾಚಣಿಗೆ ಎಂದಳು. ಆಮೇಲೆ ದನಿ ಸಣ್ಣದಾಯಿತು. "ಪೆನ್ನು. ನಂಗೆ ಓದಾಕೆ ಬರ್ತೈತೆ, ಬರಿಯಾಕೆ ಬರಲ್ಲ. ಅದಕ್ಕೇ ಸಾಲಿ ಬಿಡಿಸಿದ್ರು."

ಇವನು ದಾರದಿಂದ ಅವಳ ಎರಡು ಬೆರಳಿನ ಅಳತೆ ತೆಗೆದುಕೊಂಡ. "ನಾ ಇಲ್ಲೀತನ ದೊಡ್ಡ ದೊಡ್ಡದಕ್ಕೇ ಮಾಡೀನ್ರಿ. ಸಣ್ಣದಕ್ಕೆ ಮಾಡೋದು ಕಷ್ಟ, ಎರಡು ತಿಂಗಳು ಬೇಕು. ನೀವು ನನ್ನ ಒಪ್ಪಿದ್ರೂ ತಂದು ಕೊಡ್ತೀನಿ, ಒಪ್ಪದಿದ್ರೂ ತಂದು ಕೊಡ್ತೀನಿ."

ಒಪ್ಪಬೇಕಾದವರು ನಾವು ಎಂದುಕೊಂಡು ಹೋಗಿದ್ದೆವು ನೋಡಿ! ನನ್ನ ಕಣ್ಣು ತುಂಬಿ ಬಂತು. ಅಷ್ಟು ದಿನ ಅವನನ್ನು ಹುಚ್ಚ ಎಂದು ನಕ್ಕಿದ್ದಕ್ಕೆ ನಾಚಿಕೆಯೂ ಆಯಿತು. ಹುಡುಗಿ ಎದ್ದು ಒಳಗೆ ಹೋದಳು.

ಎರಡು ತಿಂಗಳು ಕೂತು ಅವನು ಹೇಳಿದಂತೆ ಪೆನ್ನಿನ ಹಿಡಿ ಮಾಡಿದ. ಹರಿಹರಕ್ಕೆ ಹೋಗಿ ಕೊಟ್ಟು, ಒಂದು ಮಾತೂ ಕೇಳದೆ ಮುಂದಿನ ಬಸ್ಸಿಗೇ ತಿರುಗಿ ಬಂದ. "ಏನಂದಳೋ?" ಎಂದು ಅತ್ತೆ ಕೇಳಿದರೆ, "ಕೇಳಾಕೆ ಹೋಗಿರ್ಲಿಲ್ಲವ್ವ" ಎಂದು ಶೆಡ್ಡಿಗೆ ಹೋದ. ಅತ್ತೆ ಆಸೆ ಬಿಟ್ಟರು.

ಹದಿನೈದು ದಿನಕ್ಕೆ ಅಂಚೆಯವನು ಒಂದು ಕಾರ್ಡು ತಂದ. ಅಕ್ಷರ ಒಂದೊಂದೂ ಕಡಲೆಕಾಯಿಯಷ್ಟು ದಪ್ಪ, ಸಾಲು ಸೊಟ್ಟ. ಬರೆದಿದ್ದದ್ದು ಇಷ್ಟೇ: "ಅತ್ತೆಯವರಿಗೆ ನಿಮ್ಮ ಸೊಸೆ ಮಾಡುವ ನಮಸ್ಕಾರಗಳು."

ಅತ್ತೆಗೆ ಓದಲು ಬರುತ್ತಿರಲಿಲ್ಲ. ನನ್ನಿಂದ ಅದನ್ನು ಏಳು ಸಲ ಓದಿಸಿದರು.