ಬೊಂಡಾಸ್‌ಗೆ ಚಟ್ನಿ

ವಿಜ್ಞಾನದ ಮೇಷ್ಟ್ರಾದ ನಾನು ಅಳೆದು ತೂಗಿ ಮಾತಾಡುವವನು. ಆದರೂ ಸ್ಕ್ವಿಡ್ ಎಂಬ ಸಮುದ್ರಜೀವಿಯ ಬಗ್ಗೆ ಬಾಯಿ ತೆರೆದಾಗಲೆಲ್ಲ ಏನಾದರೊಂದು ಎಡವಟ್ಟು ಆಗಿಯೇ ಆಗುತ್ತದೆ. ತಪ್ಪು ನನ್ನದಲ್ಲ, ಅದರ ಕನ್ನಡ ಹೆಸರಿನದು.

೧. ಅಳಿಯನ ಊಟ

ನನ್ನ ಹೆಂಡತಿ ಮಲ್ಪೆಯವಳು. ನಾನು ದಾವಣಗೆರೆಯ ಶುದ್ಧ ಸಸ್ಯಾಹಾರಿ ಮನೆಯವನು. ಮದುವೆಯಾದ ಹೊಸದರಲ್ಲಿ ಅವಳ ತವರಿಗೆ ಹೋದಾಗ ಅತ್ತೆ ಹೇಳಿದರು, "ಅಳಿಯಂದ್ರಿಗೆ ಅನ್ನ, ಸಾರು ಬೇರೆಯೇ ಮಾಡಿದ್ದೇನೆ. ಬೊಂಡಾಸ್ ನಮಗೆ ಮಾತ್ರ."

ಬೊಂಡವನ್ನು ತಾವೇ ತಿಂದು ಅಳಿಯನಿಗೆ ಬರೀ ಸಾರೇ? ಸಂಕೋಚ ಬಿಟ್ಟು, "ನನಗೂ ಎರಡು ಹಾಕಿ ಅತ್ತೆ" ಅಂದೆ.

ಎಲ್ಲರೂ ಊಟ ನಿಲ್ಲಿಸಿದರು. ಅತ್ತೆ ಸಂತೋಷದಿಂದ ಸೌಟು ಎತ್ತಿಯೇಬಿಟ್ಟರು. ನನ್ನವಳು ಓಡಿಬಂದು ತಟ್ಟೆಗೆ ಕೈ ಅಡ್ಡ ಹಿಡಿದಳು. "ಇದಕ್ಕೆ ಹತ್ತು ಕೈ ಉಂಟು ಮಾರಾಯ್ರೇ. ನಿಮ್ಮ ದಾವಣಗೆರೆ ಬೊಂಡಕ್ಕೆ ಎಷ್ಟು?"

೨. ಅವಳ ಪಾಠ

ಹೆಬ್ಬಗೋಡಿಯ ನಮ್ಮ ಶಾಲೆಗೆ ಅವಳು ವರ್ಷಕ್ಕೊಮ್ಮೆ ಬರುತ್ತಿದ್ದಳು. ಎಂಟನೇ ತರಗತಿಯ ಮುಂದೆ ಬೊಂಡಾಸ್, ಅಂದರೆ ಸ್ಕ್ವಿಡ್, ಕುಯ್ಯುವವಳು ಅವಳು, ಹೆಸರು ಹೇಳುವವನು ನಾನು. ಅದರ ಬೆನ್ನೊಳಗೆ ಗಾಜಿನಂತೆ ತಿಳಿಯಾದ ಗರಿಯೊಂದಿದೆ. ವಿಜ್ಞಾನದಲ್ಲೂ ಅದಕ್ಕೆ ಪೆನ್ ಎಂದೇ ಹೆಸರು. ಅವಳು ಅದನ್ನು ಸರ್‍ರನೆ ಎಳೆದು, ಅದೇ ಬೊಂಡಾಸಿನ ಮಸಿಯಲ್ಲಿ ಅದ್ದಿ, ಕಾಗದದ ಮೇಲೆ ಬರೆದು ತೋರಿಸುತ್ತಿದ್ದಳು. "ನೋಡಿ ಮಕ್ಕಳೇ, ಪೆನ್ನು ಮರೆತೆ, ಇಂಕು ಮುಗಿಯಿತು ಅಂತ ಇದು ಯಾವತ್ತಾದರೂ ಹೇಳ್ತದಾ?"

ಅವಳು ತೀರಿಹೋದ ಮೇಲೆ ಒಂದು ವರ್ಷ ಆ ಪಾಠ ಕಪ್ಪುಹಲಗೆಯ ಚಿತ್ರದಲ್ಲೇ ಮುಗಿಯಿತು. ಈ ಸಲ ಮಕ್ಕಳು, "ಪೆನ್ ತೆಗೆಯಲ್ವಾ ಸಾರ್? ಅಕ್ಕ ಹೇಳಿದ್ಲು, ಅಣ್ಣ ಹೇಳಿದ್ದ" ಎಂದು ಗಂಟುಬಿದ್ದರು. ಈ ವರ್ಷವೂ ಬಿಟ್ಟರೆ ಪಾಠ ಅವಳ ಜೊತೆಗೇ ಹೋದಂತೆ. ಮೀನನ್ನು ಮುಟ್ಟಿಯೇ ಗೊತ್ತಿಲ್ಲದ ನಾನು, ಕುಯ್ದೇ ತೀರುವುದೆಂದು ತೀರ್ಮಾನಿಸಿದೆ.

೩. ಹೆಣ್ಣು ನೋಡುವ ಶಾಸ್ತ್ರ

ಹಣೆಯಲ್ಲಿ ವಿಭೂತಿ, ಕೈಯಲ್ಲಿ ಭೂತಗನ್ನಡಿ. ಮೀನಂಗಡಿಯವನು ನನ್ನನ್ನು ಎರಡು ಸಲ ನೋಡಿದ. "ತೊಳೆದು ರಿಂಗ್ ಕಟ್ ಮಾಡ್ಕೊಡ್ಲಾ ಸಾರ್?"

"ಬೇಡಪ್ಪ. ಇಡಿಯಾಗಿ ಬೇಕು. ಒಂದು ಗಂಡು, ಒಂದು ಹೆಣ್ಣು."

ಗಂಡು ಬೊಂಡಾಸಿನ ಒಂದು ಕೈ ಉಳಿದವುಗಳಂತಲ್ಲ. ತುದಿಯಲ್ಲಿ ಹೀರುಬಟ್ಟಲುಗಳ ರೂಪ ಬದಲಾಗಿರುತ್ತದೆ. ಹೆಣ್ಣಿಗೆ ವೀರ್ಯದ ಪೊಟ್ಟಣ ದಾಟಿಸುವುದು ಆ ಕೈಯಲ್ಲೇ. ನಾನು ಒಂದೊಂದೇ ಕೈ ಬಿಡಿಸಿ ನೋಡುತ್ತ ನಿಂತೆ. ಹಿಂದೆ ಜನ ಸೇರಿದರು. ಕೊನೆಗೆ ಜೋಡಿ ಸಿಕ್ಕಿತು.

ಅಂಗಡಿಯವನು ಕೈ ಒರೆಸಿಕೊಂಡು ಕೇಳಿದ, "ಗಂಡೂ ಒಪ್ಪಿಗೆ, ಹೆಣ್ಣೂ ಒಪ್ಪಿಗೆ. ಹಿಂಗೇ ತೂಗ್ಲಾ ಸಾರ್, ಇಲ್ಲ ಜಾತಕನೂ ನೋಡ್ಬೇಕಾ?"

೪. ಅನುಮತಿ

ಮುಖ್ಯೋಪಾಧ್ಯಾಯಿನಿ ಈ ವರ್ಷ ಹೊಸದಾಗಿ ಬಂದವರು. "ಶುಕ್ರವಾರ ಎಂಟನೇ ತರಗತಿಗೆ ಬೊಂಡಾಸ್ ತರ್ತೀನಿ ಮೇಡಂ" ಅಂದೆ.

"ಅದಕ್ಕೂ ಕೇಳ್ಬೇಕಾ? ನಾವೂ ಬರ್ತೀವಿ ಸಾರ್. ಬಿಸಿಬಿಸಿ ಇರುತ್ತಾ?"

"ಇಲ್ಲ ಮೇಡಂ, ಐಸ್‌ನಲ್ಲಿಟ್ಟು ತರ್ತೀನಿ."

"ಐಸಾ? ಸರಿ, ನಿಮ್ಮ ಕಡೆ ಹಂಗೇನೋ."

"ಮೇಜಿನ ಮೇಲೆ ಹಳೇ ಪೇಪರ್ ಹಾಸ್ಬೇಕು."

"ಒಳ್ಳೇದೇ ಆಯ್ತು, ಎಣ್ಣೆ ಹೀರ್‍ಕೊಳ್ಳುತ್ತೆ."

ಇಷ್ಟು ವರ್ಷ ಅವಳ ಜೊತೆ ಬಾಳಿ ನನಗೆ ಬೊಂಡಾಸ್ ಅಂದರೆ ಬೊಂಡಾಸೇ ಆಗಿಬಿಟ್ಟಿತ್ತು. ಮೇಡಂಗೆ ಜೀವಶಾಸ್ತ್ರದಲ್ಲಿ ಎಷ್ಟು ಆಸಕ್ತಿ ಎಂದು ಮೆಚ್ಚಿಕೊಂಡು ಹೊರಬಂದೆ.

೫. ಶುಕ್ರವಾರ

ತಟ್ಟೆಯಲ್ಲಿ ಬೊಂಡಾಸ್, ಕೈಯಲ್ಲಿ ಅವಳ ಚಾಕು. ಕೈ ಏಳಲಿಲ್ಲ. ಮಾತಿನಲ್ಲೇ ಹೊತ್ತು ತಳ್ಳಿದೆ. ಮೂರು ಹೃದಯ, ನೀಲಿ ರಕ್ತ. ಮೆದುಳು ಉದ್ದಿನ ವಡೆಯ ಹಾಗೆ, ತಿಂದದ್ದೆಲ್ಲ ನಡುವಿನ ತೂತಿನಿಂದಲೇ ಇಳಿಯಬೇಕು. ಆಯುಸ್ಸು ಒಂದು ವರ್ಷದ ಆಸುಪಾಸು. ಬೆರಳಿನಂಥ ಲೋಳೆಚೀಲಗಳಲ್ಲಿ ಮೊಟ್ಟೆಯಿಟ್ಟು, ಸಮುದ್ರದ ತಳಕ್ಕೆ ಅಂಟಿಸಿ ತಾಯಿ ಸಾಯುತ್ತದೆ. ಮರಿಗಳು ಹುಟ್ಟುತ್ತಲೇ ಈಜುತ್ತವೆ.

ಹಿಂದಿನ ಬೆಂಚಿನಿಂದ ಒಂದು ದನಿ: "ಪೆನ್ನೂ ಇದೆ, ಇಂಕೂ ಇದೆ, ಎಸ್ಸೆಸ್ಸೆಲ್ಸಿಗೆ ಮುಂಚೆನೇ ಎಸ್ಕೇಪು. ಸಕ್ಕತ್ ಲಕ್ಕಿ ಕಣೋ!"

ಆ ನಗು ಇಳಿಯುವ ಮುನ್ನವೇ ಮೇಡಂ ಬಂದರು. ಹಿಂದೆ ಇಬ್ಬರು ಟೀಚರ್‌ಗಳು. ಮೇಡಂ ಕೈಯಲ್ಲಿ ಸ್ಟೀಲ್ ಡಬ್ಬಿ. "ಮನೆಯಿಂದ ಕಾಯಿಚಟ್ನಿ ತಂದಿದೀನಿ. ಬೊಂಡ ಎಲ್ಲಿ ಸಾರ್?"

ನಾನು ತಟ್ಟೆ ತೋರಿಸಿದೆ. ಮೇಡಂ ಬೊಂಡಾಸನ್ನು ನೋಡಿದರು. ಬೊಂಡಾಸ್ ಮೇಡಂ ಅವರನ್ನು ನೋಡಿತು. ಪಾಠ ಇವತ್ತಿಗೆ ಮುಗಿಯಿತು, ಇನ್ನೆಂದೂ ಇಲ್ಲ ಎಂದುಕೊಂಡೆ.

ಮುಂದಿನ ಬೆಂಚಿನ ಹುಡುಗಿ ಸಮಾಧಾನ ಹೇಳಿದಳು, "ಬೊಂಡ ಇಲ್ದಿದ್ರೇನು ಮೇಡಂ, ತಲೆಯೊಳಗೆ ವಡೆ ಇದೆಯಂತೆ!"

ಮೇಡಂ ಡಬ್ಬಿಯನ್ನು ಕೆಳಗಿಟ್ಟು ಬೆಂಚಿನ ಮೇಲೆ ಕುಳಿತರು. "ಕುಯ್ಯಿರಿ ಸಾರ್. ಚಟ್ನಿ ತಂದ ತಪ್ಪಿಗೆ ವಡೆನಾದ್ರೂ ನೋಡ್ಕೊಂಡು ಹೋಗ್ತೀನಿ."

ಇಡೀ ತರಗತಿ ನಕ್ಕಿತು. ನಾನೂ ನಕ್ಕೆ, ಬಹಳ ದಿನಗಳ ಮೇಲೆ. ಆ ನಗುವಿನಲ್ಲೇ ಕೈ ಆಡಿತು. ಗರಿ ಸರ್‍ರನೆ ಬಂತು, ಅವಳು ಎಳೆದಾಗ ಬರುತ್ತಿದ್ದಂತೆಯೇ.

ಮೇಡಂ ಗರಿ ಇಸಿದುಕೊಂಡು, ಮಸಿಯಲ್ಲಿ ಅದ್ದಿ, ಹಾಸಿದ ಪೇಪರಿನ ಅಂಚಿನಲ್ಲಿ ನಿಧಾನವಾಗಿ ಬರೆದರು: "ಪ್ರತಿ ವರ್ಷಕ್ಕೂ ಅನುಮತಿಸಲಾಗಿದೆ." ಕೆಳಗೆ ಸಹಿಯನ್ನೂ ಹಾಕಿದರು.

ಬಾಗಿಲವರೆಗೆ ಹೋದವರು ಡಬ್ಬಿ ಎತ್ತಿಕೊಳ್ಳಲು ತಿರುಗಿ ಬಂದರು. "ಸಾರ್, ಒಂದು ಮಾತು. ನಿಮ್ಮ ಸಮುದ್ರದಲ್ಲಿ ಜಾಮೂನು ಅಂತ ಏನಾದ್ರೂ ಇದ್ರೆ ಈಗ್ಲೇ ಹೇಳ್ಬಿಡಿ."