ಹದಿಮೂರು ಮುಕ್ಕಾಲು ಇಂಚಿನ ತೋಳು

ನಾನು ಹತ್ತೊಂಬತ್ತು ಕಿಲೋ ಇಳಿದಿದ್ದೇನೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಈ ಕಥೆಯಲ್ಲಿ ಯಾರೂ ಆ ವಿಷಯ ಎತ್ತುವುದಿಲ್ಲ. ಹನ್ನೊಂದು ತಿಂಗಳು ಸಕ್ಕರೆ ಮುಟ್ಟದೆ, ಮನೆಯಿಂದ ಅಂಗಡಿಗೆ ಬಸ್ಸು ಹತ್ತದೆ, ಮಕ್ಕಳ ತಟ್ಟೆಯಲ್ಲಿ ಉಳಿದದ್ದನ್ನು (ದಂಡ ಮಾಡಬಾರದು ಎಂಬ ಪವಿತ್ರ ನೆಪದಲ್ಲಿ) ಬಾಯಿಗೆ ಹಾಕಿಕೊಳ್ಳದೆ ಇಳಿಸಿದ ಹತ್ತೊಂಬತ್ತು ಕಿಲೋ. ಔಷಧಿ ಅಂಗಡಿಯ ಮುಂದಿರುವ ತೂಕದ ಯಂತ್ರ ಕೊಟ್ಟ ಚೀಟಿಗಳನ್ನೆಲ್ಲ ಒಟ್ಟಿಗೆ ಪಿನ್ ಹೊಡೆದು ಇಟ್ಟಿದ್ದೇನೆ, ಯಾರಾದರೂ ಕೇಳಿದರೆ ತೋರಿಸೋಣ ಎಂದು. ಇವತ್ತಿನವರೆಗೂ ಯಾರೂ ಕೇಳಿಲ್ಲ.

ನಾನು ಟೈಲರ್. ನಮ್ಮ ಯಜಮಾನರೂ ಟೈಲರ್. ಒಂದೇ ಅಂಗಡಿ, ನಡುವೆ ಒಂದು ಪರದೆ. ಆ ಕಡೆ ಅವರ ಪ್ಯಾಂಟು, ಷರ್ಟು. ಈ ಕಡೆ ನನ್ನ ಹೆಂಗಸರ ಬಟ್ಟೆ. ಇಪ್ಪತ್ತೆರಡು ವರ್ಷಗಳಿಂದ ನಾನು ಮಾಡುತ್ತ ಬಂದಿರುವ ಸಮಾಜಸೇವೆ ಎಂದರೆ ಊರಿನ ಹೆಂಗಸರಿಗೆ ಬೇಡವಾದದ್ದನ್ನೆಲ್ಲ ಬಟ್ಟೆಯೊಳಗೆ ಅಡಗಿಸಿ, ಬೇಕಾದದ್ದನ್ನು ಮಾತ್ರ ಹೊರಗೆ ಬಿಡುವುದು. ಎಂತೆಂಥ ಹೊಟ್ಟೆಗಳು ನನ್ನ ಕತ್ತರಿಯ ಮುಂದೆ ಶರಣಾಗಿವೆ. ಆದರೆ ನನ್ನದೇ ತೋಳಿನ ವಿಷಯದಲ್ಲಿ ನನ್ನ ವಿದ್ಯೆ ಕೈಕೊಟ್ಟಿತು.

ಆದದ್ದಿಷ್ಟೇ. ತೂಕ ಇಳಿಯಿತು, ಚರ್ಮ ಇಳಿಯಲಿಲ್ಲ. ಸರಕು ಖಾಲಿಯಾದ ಮೇಲೂ ಚೀಲ ಹಾಗೇ ನೇತಾಡುತ್ತಿತ್ತು. ಮೊಣಕೈಯಿಂದ ಭುಜದವರೆಗೆ, ಕೆಳಭಾಗದಲ್ಲಿ. ಬೆಳಗ್ಗೆ ಸ್ಕೂಲಿಗೆ ಹೊರಟ ಮಕ್ಕಳಿಗೆ ಟಾಟಾ ಮಾಡಿ ನಾನು ಕೈ ನಿಲ್ಲಿಸಿದರೂ ತೋಳು ಇನ್ನೂ ಸ್ವಲ್ಪ ಹೊತ್ತು ಟಾಟಾ ಮಾಡುತ್ತಿತ್ತು. ಬಟ್ಟೆಯಾಗಿದ್ದರೆ ಎರಡು ಕಡೆ ಮಡಿಸಿ ಟಕ್ಸ್ ಹಿಡಿದು ಐದು ನಿಮಿಷದಲ್ಲಿ ಮುಗಿಸುತ್ತಿದ್ದೆ. ಚರ್ಮಕ್ಕೆ ಟಕ್ಸ್ ಹಿಡಿಯುವಂತಿಲ್ಲ.

"ತೋಳು ಯಾರು ನೋಡ್ತಾರೆ ಬಿಡೇ" ಎಂದರು ಯಜಮಾನರು, ಪರದೆಯ ಆ ಕಡೆಯಿಂದ.

"ನೀವು ನೋಡಲ್ಲ, ಅದು ನಂಗೆ ಗೊತ್ತು."

"ನೋಡಿದ್ರೂ ತಪ್ಪು, ನೋಡದಿದ್ರೂ ತಪ್ಪು. ನಾನು ಕಾಜ ಹೊಲೀತೀನಿ."

ಉದ್ದ ತೋಳಿನ ಬಟ್ಟೆ ಹಾಕಿಕೊಂಡು ನಾನೂ ಸುಮ್ಮನಿರುತ್ತಿದ್ದೆನೋ ಏನೋ. ಅಷ್ಟರಲ್ಲಿ ಅಕ್ಕನ ಮಗಳ ಮದುವೆ ಗೊತ್ತಾಯಿತು. ಮನೆಯ ಹೆಂಗಸರೆಲ್ಲ ಒಂದೇ ಬಣ್ಣದ, ಒಂದೇ ನಮೂನೆಯ, ತೋಳಿಲ್ಲದ ಗೌನು ಹಾಕಿಕೊಳ್ಳಬೇಕು, ಎಲ್ಲವನ್ನೂ ನಾನೇ ಹೊಲಿಯಬೇಕು ಎಂದು ಅಕ್ಕ ಫೋನ್ ಮಾಡಿದಳು. ಅಕ್ಕ ಬೇರೆ ಊರಿನಲ್ಲಿರುವುದು. ನಾವು ಮುಖ ನೋಡಿಕೊಂಡು ಎರಡು ವರ್ಷವಾಗಿತ್ತು. ಅವಳು ಹುಟ್ಟಿನಿಂದ ಕಡ್ಡಿ. ನಾನು ಹುಟ್ಟಿನಿಂದ ಗುಂಡು. ನನಗೆ ಆ ಹೆಸರಿಟ್ಟವಳೂ ಅವಳೇ.

"ಐದು ಜನಕ್ಕೆ ಸ್ಲೀವ್‌ಲೆಸ್ ಕಣೇ ಗುಂಡು. ನಿನ್ನದಕ್ಕೆ ಮಾತ್ರ ತೋಳು ಇಟ್ಕೋ. ಪಾಪ, ನಿನಗೆ ಮುಜುಗರ ಆಗೋದು ಬೇಡ" ಎಂದಳು.

ಆ 'ಪಾಪ' ಎಂಬ ಎರಡಕ್ಷರ ನನ್ನ ಕಿವಿಯಿಂದ ಹೊಕ್ಕು ಅಂಗಾಲಿನವರೆಗೆ ಹೋಯಿತು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. "ನಾನೂ ಸ್ಲೀವ್‌ಲೆಸ್ಸೇ ಹಾಕ್ಕೊಳ್ಳೋದು ಅಕ್ಕಾ" ಎಂದುಬಿಟ್ಟೆ. "ಸರಿ, ನಿನ್ನಿಷ್ಟ" ಎಂದಳು ಅಕ್ಕ, ಇನ್ನೂ ಪಾಪ ಎನ್ನುವ ದನಿಯಲ್ಲೇ. ನನಗೆ ಬೇಕಾಗಿದ್ದದ್ದು ಒಂದೇ. ಮದುವೆಯ ದಿನ ನನ್ನಕ್ಕ ನನ್ನನ್ನು ಮೇಲಿಂದ ಕೆಳಗೆ ನೋಡಿ, ತನ್ನ ಬಾಯಾರೆ "ಸಣ್ಣ ಆಗಿದ್ದೀಯ ಕಣೇ" ಎನ್ನಬೇಕು. ಮದುವೆಗೆ ಮೂರು ತಿಂಗಳಿತ್ತು.

ನನ್ನ ಗಿರಾಕಿಗಳಲ್ಲಿ ಜಿಮ್ ನಡೆಸುವವರೊಬ್ಬರಿದ್ದಾರೆ. ಅವರು ಒಂದು ರಬ್ಬರ್ ಪಟ್ಟಿ ಕೊಟ್ಟು, ಎರಡೂ ಕೈಯಲ್ಲಿ ಹಿಡಿದು, ಒಂದು ಕೈ ತಲೆಯ ಹಿಂದೆ, ಒಂದು ಕೈ ಬೆನ್ನ ಹಿಂದೆ ಇಟ್ಟು ಎಳೆಯಬೇಕು, ದಿನಕ್ಕೆ ನೂರು ಸಲ ಎಂದು ಹೇಳಿಕೊಟ್ಟರು. ಆ ಪಟ್ಟಿಯನ್ನು ಎರಡನೆಯ ದಿನವೇ ಯಜಮಾನರು ಚಡ್ಡಿಯ ಎಲಾಸ್ಟಿಕ್ ಎಂದು ತಿಳಿದು ಒಬ್ಬ ಗಿರಾಕಿಯ ಪೈಜಾಮಕ್ಕೆ ಹಾಕಿ ಹೊಲಿದುಬಿಟ್ಟರು. (ಆ ಗಿರಾಕಿ ಇನ್ನೂ ನಮ್ಮ ಅಂಗಡಿಗೇ ಬರುತ್ತಾರೆ, ಆದರೆ ನಿಧಾನವಾಗಿ ನಡೆಯುತ್ತಾರೆ.) ನಾನು ಎದೆಗುಂದಲಿಲ್ಲ. ಎಳೆಯುವುದಕ್ಕೆ ಏನಾದರೂ ಒಂದಿದ್ದರಾಯಿತು. ಬೆಳಗ್ಗೆಯಿಂದ ಸಂಜೆಯವರೆಗೆ ಕೊರಳಲ್ಲೇ ನೇತಾಡುತ್ತಿದ್ದ ಅಳತೆ ಟೇಪು ಕೈಗೆ ಬಂತು.

ಗಿರಾಕಿ ಬಂದು ಹೋದ ಮೇಲೆ ಇಪ್ಪತ್ತು, ಬಾಬಿನ್‌ಗೆ ದಾರ ಸುತ್ತುವ ಮೊದಲು ಇಪ್ಪತ್ತು, ಯಜಮಾನರ ಮೇಲೆ ಸಿಟ್ಟು ಬಂದಾಗ ನಲವತ್ತು. ಹೀಗೆ ದಿನಕ್ಕೆ ನೂರು ಎಲ್ಲಿ, ಇನ್ನೂರು ದಾಟುತ್ತಿತ್ತು. ಜೊತೆಗೆ ಇಸ್ತ್ರಿ ಪೆಟ್ಟಿಗೆಯನ್ನು (ತಣ್ಣಗಿದ್ದಾಗ) ತಲೆಯ ಮೇಲೆ ಎತ್ತಿ ಇಳಿಸುವ ಮಹಾಯಜ್ಞ. ಪ್ರತಿ ಸೋಮವಾರ ಅದೇ ಟೇಪನ್ನು ತೋಳಿಗೆ ಸುತ್ತಿ ಅಳೆದು, ಅಳತೆ ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆಯುತ್ತಿದ್ದೆ. ಮೊದಲ ವಾರ ಹದಿನಾಲ್ಕೂವರೆ. ಮೂರನೆಯ ವಾರ ಹದಿನಾಲ್ಕೂಕಾಲು. ಎರಡು ತಿಂಗಳಿಗೆ ಹದಿನಾಲ್ಕು. ಕೊನೆಗೆ ಹದಿಮೂರು ಮುಕ್ಕಾಲು. ಆ ದಿನ ನಾನು ಅಂಗಡಿಯ ಕನ್ನಡಿಯ ಮುಂದೆ ನಿಂತು ಎರಡೂ ಕೈ ಎತ್ತಿ, ಯುದ್ಧ ಗೆದ್ದ ರಾಣಿಯ ಗತ್ತಿನಲ್ಲಿ ನನ್ನನ್ನೇ ನೋಡಿಕೊಂಡೆ. ಕನ್ನಡಿಯಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ, ನಿಜ. ಆದರೆ ಟೈಲರ್ ಆದವಳು ಕಣ್ಣನ್ನು ನಂಬುವುದಿಲ್ಲ, ಟೇಪನ್ನು ನಂಬುತ್ತಾಳೆ.

ಈ ನಡುವೆ ಅಕ್ಕ ತನ್ನ ಅಳತೆಯನ್ನೂ, ತನ್ನ ಇಬ್ಬರು ನಾದಿನಿಯರ ಮತ್ತು ಅವರ ಹೆಣ್ಣುಮಕ್ಕಳಿಬ್ಬರ ಅಳತೆಯನ್ನೂ ತನ್ನ ಮನೆಯ ಟೇಪಿನಲ್ಲಿ ತೆಗೆದು ಫೋನಿನಲ್ಲಿ ಹೇಳಿದ್ದಳು. (ಮದುಮಗಳ ಉಡುಪನ್ನು ಅಂಗಡಿಯಲ್ಲಿ ಕೊಂಡಿದ್ದರು. ದೇವರು ದೊಡ್ಡವನು.) ಐದು ಗೌನು ಹೊಲಿದು, ಮಡಿಸಿ, ಪಾರ್ಸೆಲ್ ಮಾಡಿ ಕಳಿಸಿದೆ. ಆರನೆಯದು ನನ್ನದು. ಕೈಗವಸಿನ ಹಾಗೆ ಕೂತಿತ್ತು.

ಪಾರ್ಸೆಲ್ ಹೋದ ನಾಲ್ಕನೆಯ ದಿನ, ಮದುವೆಗೆ ಎರಡೇ ದಿನ ಇರುವಾಗ, ಯಜಮಾನರು ಪರದೆ ಸರಿಸಿ ಈ ಕಡೆ ಬಂದರು. ತಮ್ಮ ಟೇಪು ಕಾಣದೆ, ಬೆಳಗ್ಗೆ ನನ್ನದನ್ನು ಒಯ್ದು ಒಂದು ಪ್ಯಾಂಟು ಕತ್ತರಿಸಿದ್ದರು.

"ನಿನ್ನ ಟೇಪಿಗೆ ಏನಾಗಿದೆ?"

"ಏನಾಗಿದೆ?"

"ಪ್ಯಾಂಟು ಎರಡು ಇಂಚು ಉದ್ದ ಬಂದಿದೆ."

"ಗಿರಾಕಿ ಕುಳ್ಳಗಾಗಿರಬೇಕು."

ಅವರು ನನ್ನ ಟೇಪನ್ನು ಕಟಿಂಗ್ ಮೇಜಿನ ಅಂಚಿನಲ್ಲಿರುವ ಹಿತ್ತಾಳೆಯ ಅಳತೆಪಟ್ಟಿಯ ಮೇಲೆ ಉದ್ದಕ್ಕೆ ಹಾಸಿದರು. ಸೊನ್ನೆಗೆ ಸೊನ್ನೆ ಸರಿಯಾಗಿತ್ತು. ಆದರೆ ನನ್ನ ಟೇಪಿನ ಅರವತ್ತು, ಪಟ್ಟಿಯ ಅರವತ್ತಮೂರರ ಪಕ್ಕದಲ್ಲಿ ಹಾಯಾಗಿ ಮಲಗಿತ್ತು.

ಮೂರು ತಿಂಗಳು ಕರಗಿದ್ದು ನಾನಲ್ಲ, ಹಿಗ್ಗಿದ್ದು ಟೇಪು. ಯಜಮಾನರು ತಮ್ಮ ಟೇಪನ್ನು (ಅದು ಅವರ ಕಾಲರಿನ ಕೆಳಗೇ ಇತ್ತು) ತೆಗೆದು ನನ್ನ ತೋಳಿಗೆ ಸುತ್ತಿದರು. ಹದಿನಾಲ್ಕೂವರೆ. ಒಂದು ನೂಲು ಕೂಡ ಕಡಿಮೆ ಇಲ್ಲ.

"ಗಿರಾಕಿಗಳು ಯಾರೂ ಯಾಕೆ ಜಗಳಕ್ಕೆ ಬರಲಿಲ್ಲ?" ಎಂದೆ.

"ಅಳೆದದ್ದೂ ಇದರಲ್ಲೇ, ಕತ್ತರಿಸಿದ್ದೂ ಇದರಲ್ಲೇ. ತಪ್ಪಿಗೆ ತಪ್ಪು ಸರಿಹೋಗಿದೆ." ಆಮೇಲೆ ನಿಧಾನವಾಗಿ ಕೇಳಿದರು, "ನಿಮ್ಮಕ್ಕನ ಮನೆಯವರನ್ನ ಅಳೆದದ್ದು ಯಾವುದರಲ್ಲಿ?"

ಅದು ನನಗೆ ಆಗಲೇ ಹೊಳೆದಿತ್ತು. ಅವರದು ಸರಿಯಾದ ಟೇಪಿನ ಅಳತೆ. ಕತ್ತರಿಸಿದ್ದು ನನ್ನ ಟೇಪಿನಲ್ಲಿ. ಮೂವತ್ತನಾಲ್ಕರ ಎದೆಗೆ ಸುಮಾರು ಮೂವತ್ತಾರರ ಗೌನು. ಐದು ಜನ ಹೆಂಗಸರು ಮದುವೆಮನೆಯಲ್ಲಿ ಗೋಣಿಚೀಲದೊಳಗೆ ನಿಂತಂತೆ ನಿಲ್ಲುವುದು ಕಣ್ಣಿಗೆ ಕಟ್ಟಿತು. ಕೂತು ಅತ್ತೆ. ನಾಚಿಕೆಗೆ ಅತ್ತೆ, ಸಿಟ್ಟಿಗೆ ಅತ್ತೆ, ಆ ಮುಕ್ಕಾಲು ಇಂಚಿಗೂ ಅತ್ತೆ.

ಯಜಮಾನರು ಪಕ್ಕದಲ್ಲಿ ಕೂತು ನನ್ನ ತೋಳನ್ನು ಹಿಡಿದು ಒತ್ತಿ ನೋಡಿದರು. "ಮೇಲೆ ಸಡಿಲ ಇದೆ, ಒಳಗೆ ಕಲ್ಲು ಇದ್ದ ಹಾಗಿದೆ. ಇಷ್ಟು ಗಟ್ಟಿ ಟೇಪನ್ನ ಎಳೆದು ಮೂರು ಇಂಚು ಉದ್ದ ಮಾಡಿದ್ದೀಯಲ್ಲ, ನಾನು ಜಗ್ಗಿದ್ರೂ ಆಗಲ್ಲ ಕಣೇ" ಎಂದರು. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಅವರು ನನ್ನನ್ನು ಹೊಗಳಿದ್ದು ಅದೇ ಮೊದಲು. ಅಳು ಅರ್ಧಕ್ಕೇ ನಿಂತಿತು. ಮತ್ತೆ ಯೋಚಿಸಿದೆ. ಟೇಪನ್ನು ನಾನು ಎಳೆದದ್ದು ನಿಜ. ತೂಕದ ಯಂತ್ರವನ್ನು ಎಳೆದಿಲ್ಲವಲ್ಲ. ಹತ್ತೊಂಬತ್ತು ಕಿಲೋ ಎಲ್ಲೂ ಹೋಗಿರಲಿಲ್ಲ, ಅಂದರೆ ಹೋಗಿತ್ತು. ತೋಳಿಲ್ಲದ ಗೌನನ್ನೇ ಹಾಕಿಕೊಳ್ಳುವುದು, ಫೋನಿನಲ್ಲಲ್ಲದೆ ಅಕ್ಕನ ಮುಂದೆಯೇ ನಿಂತು ತಪ್ಪು ಒಪ್ಪಿಕೊಳ್ಳುವುದು, ಆದರೆ ತಲೆ ತಗ್ಗಿಸದೆ ಒಪ್ಪಿಕೊಳ್ಳುವುದು ಎಂದು ತೀರ್ಮಾನಿಸಿದೆ.

ಮದುವೆಯ ಬೆಳಗ್ಗೆ ಅಕ್ಕನ ಮನೆಯ ಬಾಗಿಲಲ್ಲಿ ಗೌನು ಹಾಕಿಕೊಂಡು, ತೋಳು ಬಿಟ್ಟುಕೊಂಡು, ಎದೆಯುಬ್ಬಿಸಿ ನಿಂತೆ. ಗಾಳಿ ತೋಳಿಗೆ ತಗಲಿತು. ಹದಿನೈದು ವರ್ಷವಾಗಿತ್ತು ಹಾಗೆ ತಗಲಿ. ಹಿತವಾಗಿತ್ತು.

ಒಳಗಿಂದ ಅಕ್ಕ ಓಡಿಬಂದಳು. ಗೌನಿನ ಎರಡೂ ಪಕ್ಕವನ್ನು ಬೆರಳಲ್ಲಿ ಹಿಡಿದು ಹೊರಗೆ ಎಳೆದು ತೋರಿಸುತ್ತ, ಮುಖ ಅರಳಿಸಿಕೊಂಡು.

"ಗುಂಡು, ನೋಡೇ ಇಲ್ಲಿ. ನಾನು ಎಷ್ಟು ಸಣ್ಣ ಆಗಿದ್ದೀನಿ."

ನಾನು ಬಾಯಿ ತೆರೆದೆ.

"ನಾನು ಹೇಳಿದ ಅಳತೆಗೇ ಹೊಲಿದಿದ್ದೀಯ ತಾನೆ?"

"ಹ್ಞೂಂ, ಅದೇ ಅಳತೆ. ಆದ್ರೆ ಅಕ್ಕಾ..."

"ಮತ್ತೆ? ಅಳತೆ ಅದೇ, ಗೌನು ಸಡಿಲ. ಅಂದ್ರೆ ನಾನೇ ಕರಗಿದ್ದೀನಿ."

ಅವಳ ಹಿಂದೆ ನಾದಿನಿಯರಿಬ್ಬರೂ ಅವರ ಹೆಣ್ಣುಮಕ್ಕಳೂ ಸಡಿಲ ಗೌನುಗಳಲ್ಲಿ ತೇಲಾಡುತ್ತ ಬಂದರು. ಒಬ್ಬರಿಗೆ ಬೆಳಗಿನ ಬಿಸಿನೀರು ಕೆಲಸ ಮಾಡಿತ್ತಂತೆ. ಇನ್ನೊಬ್ಬರದು ಮದುವೆಯ ಓಡಾಟವಂತೆ. ಹೆಣ್ಣುಮಕ್ಕಳು ಕನ್ನಡಿಯ ಮುಂದೆ ಸೊಂಟ ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಿದ್ದರು. ಒಂದು ಮನೆಯಲ್ಲಿ ಏಕಕಾಲಕ್ಕೆ ಅಷ್ಟು ಜನ ಹೆಂಗಸರು ತಮ್ಮ ದೇಹದ ಬಗ್ಗೆ ಅಷ್ಟು ಸಂತೋಷವಾಗಿದ್ದದ್ದನ್ನು ನಾನು ನನ್ನ ವೃತ್ತಿಜೀವನದಲ್ಲೇ ಕಂಡಿರಲಿಲ್ಲ. ನನ್ನ ತೋಳನ್ನು ಯಾರೂ ನೋಡಲಿಲ್ಲ. ನನ್ನ ಹತ್ತೊಂಬತ್ತು ಕಿಲೋ ಬಾಗಿಲಲ್ಲೇ ಅನಾಥವಾಗಿ ನಿಂತಿತ್ತು.

"ಬೇಗ ಸ್ವಲ್ಪ ಬಿಗಿ ಮಾಡಿಕೊಡೇ. ಮೊದಲು ಅಳತೆ ತಗೋ" ಎಂದು ಅಕ್ಕ ಕೈ ಎತ್ತಿ ನಿಂತಳು.

ಯಜಮಾನರ ಟೇಪನ್ನು ಅವಳ ಎದೆಗೆ ಸುತ್ತಿದೆ. ಮೂವತ್ತನಾಲ್ಕು. ಫೋನಿನಲ್ಲಿ ಹೇಳಿದ್ದ ಅದೇ ಮೂವತ್ತನಾಲ್ಕು.

"ಎಷ್ಟು ಬಂತು?" ಅಕ್ಕ ನನ್ನ ಮುಖವನ್ನೇ ನೋಡುತ್ತಿದ್ದಳು. ಅವಳ ಮಗಳು ಇವತ್ತು ಮನೆ ಬಿಟ್ಟು ಹೋಗುವವಳು. ಕಣ್ಣುಗಳು ಬೆಳಗ್ಗೆಯೇ ಒಂದು ಸುತ್ತು ಅತ್ತು ಕೆಂಪಾಗಿದ್ದವು, ಆದರೂ ಹೊಳೆಯುತ್ತಿದ್ದವು. ನಿಜ ಹೇಳಿದ್ದರೆ ಆ ಮನೆಯಲ್ಲಿ ಸಣ್ಣಗಾದವಳು ನಾನೊಬ್ಬಳೇ ಎಂಬುದು ಆ ಕ್ಷಣವೇ ಇತ್ಯರ್ಥವಾಗುತ್ತಿತ್ತು. ಗಿರಾಕಿಯ ಅಳತೆಯಲ್ಲಿ ಎಂದೂ ಸುಳ್ಳು ಹೇಳಿದವಳಲ್ಲ ನಾನು.

"ಮೂವತ್ತೆರಡು" ಎಂದೆ.

ಅಕ್ಕ ನಕ್ಕಳು. ನಾನು ಸೂಜಿಪೆಟ್ಟಿಗೆ ತೆರೆದು, ಗುಂಡುಸೂಜಿಗಳನ್ನು ತುಟಿಯ ನಡುವೆ ಕಚ್ಚಿಕೊಂಡು, ಅವಳ ಕಾಲ ಬಳಿ ಮಂಡಿಯೂರಿ ಗೌನಿನ ಪಕ್ಕವನ್ನು ಹಿಡಿಯತೊಡಗಿದೆ. ಆಗ ಅವಳು ಬಗ್ಗಿ, ಮೊದಲ ಸಲ ನನ್ನ ತೋಳನ್ನು ನೋಡಿ, ಪ್ರೀತಿಯಿಂದ ಸವರಿದಳು.

"ಬೇಜಾರು ಮಾಡ್ಕೋಬೇಡ ಗುಂಡು. ಮನಸ್ಸು ಮಾಡಿದ್ರೆ ನೀನೂ ನನ್ನ ಹಾಗೆ ಸಣ್ಣ ಆಗ್ತೀಯ."

ಬಾಯಿ ತುಂಬ ಗುಂಡುಸೂಜಿ ಇದ್ದದ್ದರಿಂದ ನಾನು ಏನೂ ಹೇಳಲಿಲ್ಲ.