ನೊಣದ ಕೋಣೆ ಖಾಲಿ ಮಾಡಲ್ಲ

ನೊಣ ಸಾಕುವವಳಿಗೆ ಒಂದು ವಾರ ಮರ್ಯಾದೆಯಾಗಿ ಕಳೆಯಿತು ಅನ್ನುವುದೇ ಇಲ್ಲ, ಏನಾದರೊಂದು ಫಜೀತಿ ಇದ್ದೇ ಇರುತ್ತದೆ. ನಾನು ಮೈಸೂರಿನ ಒಂದು ಸಂಶೋಧನಾಲಯದಲ್ಲಿದ್ದೇನೆ. ಕೊಳಕಿನ ಮೇಲೆ ಕೂತು, ಟೈಫಾಯ್ಡು ಭೇದಿಗಳನ್ನು ಕಾಲಿಗೆ ಮೆತ್ತಿಕೊಂಡು ನಮ್ಮ ತಟ್ಟೆಗೆ ಬರುತ್ತದಲ್ಲ ಮನೆನೊಣ, ಅದಕ್ಕೆ ತಟ್ಟೆಯ ವಾಸನೆ ಹೇಗೆ ಸಿಗುತ್ತದೆ ಅನ್ನುವುದೇ ನನ್ನ ಕೆಲಸ. ಅದು ಪೂರ್ತಿ ತಿಳಿದರೆ ನೊಣದ ದಾರಿ ತಪ್ಪಿಸಬಹುದು.

ಕಳೆದ ತಿಂಗಳು ನಮ್ಮ ಮುಖ್ಯಸ್ಥರು ಕರೆದು, "ಮಹಡಿಯೆಲ್ಲ ನಾತ ಕಣಮ್ಮ. ನಿನ್ನ ನೊಣದ ಕೋಣೆ ಖಾಲಿ ಮಾಡು," ಅಂದರು.

"ಮಾಡಲ್ಲ ಸರ್," ಅಂದೆ. ವರ್ಷಗಟ್ಟಲೆ ಸಾಕಿದ ಸಂಸಾರ ಅದು, ಹೇಗೆ ಬಿಡಲಿ?

ಬೂಸಾ

ಮಾರನೆಯ ದಿನವೇ ಸ್ಟೋರಿನವರು ನೊಣದ ಮರಿಹುಳುಗಳಿಗೆ ಹಾಕುವ ಬೂಸಾ ತರಿಸುವುದನ್ನು ನಿಲ್ಲಿಸಿದರು. ಸರಿ, ನಾನೇ ಸ್ಕೂಟರಿನಲ್ಲಿ ಹಿನಕಲ್ಲಿನ ಅಂಗಡಿಗೆ ಹೋದೆ.

"ಎಷ್ಟ್ ಹಸ ಕಟ್ಟಿದ್ದೀರಿ ಮೇಡಂ?" ಅಂದ ಅಂಗಡಿಯವನು.

"ಹಸು ಇಲ್ಲ, ನೊಣಕ್ಕೆ."

ಆತ ಮೂಟೆ ಕೆಳಗಿಟ್ಟು ನನ್ನನ್ನೇ ನೋಡಿದ. ಆಮೇಲೆ ನೊಣ ಮುತ್ತಿದ್ದ ಬೆಲ್ಲದ ಡಬ್ಬದ ಕಡೆ ಕೈ ತೋರಿಸಿ, "ಅಂಗಾದ್ರೆ ಅವನ್ನೂ ತಕೊಂಡೋಗ್ಬುಡಿ. ಬೂಸಾ ತಕೊಂಡೋರ್ಗೆ ಬಿಟ್ಟಿ," ಅಂದ.

ಮೂಗಿನ ಡಾಕ್ಟರು

ವಿದ್ಯಾರಣ್ಯಪುರದ ಮನೆಗೆ ಬಂದು ಅತ್ತೆಯ ಹತ್ತಿರ ಗೋಳು ತೋಡಿಕೊಂಡೆ. "ಬುಡ್ಬೇಡ ಕಣಮ್ಮ, ನಿನ್ ಕೋಣೆ ನಿಂದೇ," ಅಂದರು ಅತ್ತೆ. ನನಗೆ ಆನೆಬಲ ಬಂತು.

ಅಷ್ಟರಲ್ಲಿ ಪಕ್ಕದ ಮನೆಯಾಕೆ ಸೊರ್ ಸೊರ್ ಅಂತ ಮೂಗು ಎಳೆಯುತ್ತ ಬಂದರು. "ನೆಗಡಿ ಬಿಡ್ತಾನೇ ಇಲ್ಲ. ನೀವು ಮೂಗಿನ ಡಾಕ್ಟರಂತಲ್ಲ, ನಿಮ್ಮತ್ತೆ ಹೇಳಿದ್ರು."

ಅಯ್ಯೋ ಶಿವನೇ. ಕೂರಿಸಿ ವಿವರಿಸಿದೆ. ನಾನು ನೋಡುವುದು ನೊಣವನ್ನು. ಅದಕ್ಕೆ ಮೂಗಿಲ್ಲ, ಮೀಸೆಯಲ್ಲೇ ಮೂಸುತ್ತದೆ. ಮೀಸೆಯ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ರೋಮ, ರೋಮದಲ್ಲಿ ತೂತು. ವಾಸನೆಯ ಅಣು ಆ ತೂತಿನಲ್ಲಿ ನುಗ್ಗಿ, ಒಳಗೆ ಕಾದಿರುವ ಪ್ರೋಟೀನಿಗೆ ಸರಿಯಾಗಿ ಹೊಂದಿಕೊಂಡರೆ ನರದಲ್ಲಿ ಕರೆಂಟು ಹೊಡೆಯುತ್ತದೆ. ಆಕೆ ಎಲ್ಲ ಕೇಳಿ, ಕಷಾಯ ಕುಡಿದು ಎದ್ದು ಹೋದರು.

"ಯಾಕತ್ತೆ ಸುಳ್ಳು ಹೇಳಿದ್ರಿ?" ಅಂದೆ.

"ಮೂಗಿನ ಡಾಕ್ಟರ್ ಅಂದೆ. ಯಾರ ಮೂಗು ಅಂತ ಅವರೂ ಕೇಳಲಿಲ್ಲ, ನಾನೂ ಹೇಳಲಿಲ್ಲ."

ಯಾರ ನಾತ?

ಕೊನೆಗೆ ಕೋಣೆಯ ವಿಚಾರ ತೀರ್ಮಾನಿಸಲು ಹೊರಗಿನಿಂದ ಒಬ್ಬ ಹಿರಿಯ ವಿಜ್ಞಾನಿಯನ್ನು ಕರೆಸಿದರು. ಮುಖ್ಯಸ್ಥರು ಕರವಸ್ತ್ರ ಮೂಗಿಗೆ ಒತ್ತಿಕೊಂಡೇ ಬಂದು, "ನೋಡಿ ಸರ್, ಇವಳ ಕೋಣೆಯಿಂದಲೇ ನಾತ," ಅಂದರು.

ನನಗೆ ರೇಗಿಹೋಯಿತು. "ನಿಮ್ಮ ಮೂಗೂ ಬೇಡ, ನನ್ನ ಮೂಗೂ ಬೇಡ. ನೊಣವನ್ನೇ ಕೇಳೋಣ," ಅಂದೆ.

ಒಂದು ನೊಣದ ಮೀಸೆಗೆ ಸಣ್ಣ ತಂತಿ ಸೇರಿಸಿ ಪರದೆಗೆ ಜೋಡಿಸಿದೆ. ವಾಸನೆ ತಗುಲಿದರೆ ಪರದೆಯ ಮೇಲಿನ ಗೆರೆ ಕುಣಿಯಬೇಕು. ನನ್ನ ಕೋಣೆಯ ಗಾಳಿ ಊದಿದೆ, ಗೆರೆ ಒಂದಿಷ್ಟು ಅಲುಗಿತು. ಕಾರಿಡಾರಿನ ಗಾಳಿಗೆ ಅದಕ್ಕಿಂತ ಜಾಸ್ತಿ. ಗೆರೆ ಹೆಚ್ಚು ಕುಣಿದ ಕಡೆಗೇ ಹೋಗುತ್ತ ಹೋಗುತ್ತ, ಕೊನೆಗೆ ಮುಖ್ಯಸ್ಥರ ಕೋಣೆಯ ಬೀರುವಿನ ಸಂದಿಯಿಂದ ಗಾಳಿ ಎಳೆದು ತಂದು ಊದಿದೆ. ಗೆರೆ ಪರದೆ ದಾಟಿ ಹೋಯಿತು.

ಬೀರುವಿನ ಬೀಗ ತೆಗೆಸಿದೆವು. ಆಯುಧ ಪೂಜೆಯ ದಿನ ಮುಖ್ಯಸ್ಥರು ಬೀರುವಿಗೆ ಕುಂಕುಮವಿಟ್ಟು, ಒಳಗೆ ಒಂದು ಬಟ್ಟಲು ಬಾಳೆಹಣ್ಣಿನ ರಸಾಯನ ಎಡೆಯಿಟ್ಟು, ಬೀಗ ಹಾಕಿ ರಜೆಯ ಮೇಲೆ ಹೋಗಿದ್ದರು. ಬಂದವರು ಮರೆತೇಬಿಟ್ಟಿದ್ದರು.

ಹಿರಿಯರು ಬಾಗಿಲಾಚೆ ನಿಂತು, "ಆಕೆಯ ಕೋಣೆ ಆಕೆಗೇ ಇರಲಿ. ಮೊದಲು ಇದನ್ನ ಎತ್ತಿಸ್ರಿ," ಅಂದರು.

ಮುಖ್ಯಸ್ಥರು ಆಗಲೂ ಸೋಲಲಿಲ್ಲ. "ದೇವರ ಪ್ರಸಾದ ಕಣಮ್ಮ ಅದು. ನಾತ ಅನ್ನಬಾರದು."

"ನಾನೆಲ್ಲಿ ಅಂದೆ ಸರ್, ನೊಣ ಅಂದದ್ದು. ಅದರ ಮೀಸೆಯಲ್ಲಿ ಎಷ್ಟು ಹುಡುಕಿದರೂ ಭಕ್ತಿಗೆ ಅಂತ ಒಂದು ಪ್ರೋಟೀನೂ ಸಿಕ್ಕಿಲ್ಲ."